ಲಿಂಗನಮಕ್ಕಿಯ ಒಂದು ಅಡಿ ನೀರಿಗೆ ಎಷ್ಟು ಕರೆಂಟ್?

ಪ್ರಶ್ನೆ: ಲಿಂಗನಮಕ್ಕಿ ಒಂದು ಅಡಿ ಏರಿತು ಎಂದು ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತೇವೆ. ಆ ಒಂದು ಅಡಿಯಿಂದ ಎಷ್ಟು ವಿದ್ಯುತ್ ಸಿಗುತ್ತದೆ? (ಸಾಗರದ ಓದುಗರು)

ಉತ್ತರ: ಅದು ಯಾವ ಅಡಿ ಎಂಬುದರ ಮೇಲಿದೆ. ಜಲಾಶಯ ಬೋಗುಣಿಯ ಹಾಗೆ, ಮೇಲೆ ಹೋದಷ್ಟೂ ಅಗಲ. ಗರಿಷ್ಠ ಮಟ್ಟವಾದ 1,819 ಅಡಿಯ ಹತ್ತಿರ ನೀರು ಸುಮಾರು 300 ಚದರ ಕಿ.ಮೀ. ಹರಡಿರುತ್ತದೆ. ಅಲ್ಲಿ ಒಂದು ಅಡಿ ಎಂದರೆ 3 ಟಿಎಂಸಿಗೂ (ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹೆಚ್ಚು. ಜೂನ್‌ನಲ್ಲಿ ತಳಮಟ್ಟದಿಂದ ಏರುವ ಅಡಿಯಲ್ಲಿ ಅಷ್ಟು ನೀರಿರುವುದಿಲ್ಲ. ಹಾಗಾಗಿ ಅಡಿಯ ಸುದ್ದಿಗಿಂತ ಟಿಎಂಸಿಯ ಅಂಕಿಯನ್ನೇ ನೋಡುವುದು ಒಳ್ಳೆಯದು.

ಇನ್ನು ಲೆಕ್ಕ. ಸೆಕೆಂಡಿಗೆ ಹರಿಯುವ ಘನ ಮೀಟರ್, ಬೀಳುವ ಎತ್ತರ (ಮೀಟರ್), ಯಂತ್ರದ ದಕ್ಷತೆ ಇವನ್ನು 9.81ರಿಂದ ಗುಣಿಸಿದರೆ ಕಿಲೋವ್ಯಾಟ್ ಬರುತ್ತದೆ. ಲಿಂಗನಮಕ್ಕಿಯ ನೀರು ಬಂದು ಸೇರುವ ತಲಕಳಲೆ ಜಲಾಶಯದಿಂದ ಶರಾವತಿ ವಿದ್ಯುದಾಗಾರಕ್ಕೆ ನೀರು ಇಳಿಯುವುದು ಸುಮಾರು 440 ಮೀಟರ್. ದಕ್ಷತೆ ಶೇ 90 ಎಂದು ಹಿಡಿದರೆ ಸಾವಿರ ಲೀಟರಿಗೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು, ಒಂದು ಟಿಎಂಸಿಗೆ ಸುಮಾರು 3 ಕೋಟಿ ಯೂನಿಟ್. ತಲಾ 103.5 ಮೆಗಾವ್ಯಾಟಿನ ಹತ್ತೂ ಯಂತ್ರ ಪೂರ್ತಿ ಓಡಿದರೆ ಆ ಟಿಎಂಸಿ ಖಾಲಿಯಾಗಲು 29 ಗಂಟೆ ಸಾಕು. ಇದೇ ನೀರು ಲಿಂಗನಮಕ್ಕಿಯ ಬುಡದ 55 ಮೆಗಾವ್ಯಾಟ್ ಘಟಕದಲ್ಲಿ ಒಮ್ಮೆ, ಕೆಳಗಿನ ಗೇರುಸೊಪ್ಪದ 240 ಮೆಗಾವ್ಯಾಟ್ ಘಟಕದಲ್ಲಿ ಮತ್ತೊಮ್ಮೆ ದುಡಿಯುತ್ತದೆ. ಅದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಪ್ರಶ್ನೆ: ಚಕ್ರಾ, ಸಾವೇಹಕ್ಲು ಜಲಾಶಯಗಳ ನೀರು ಲಿಂಗನಮಕ್ಕಿಗೆ ಬರುತ್ತದಲ್ಲ, ಆದರೂ ಅವು ಕೋಡಿ ಹರಿಯುವುದೇಕೆ? (ಹೊಸನಗರದ ಓದುಗರು)

ಉತ್ತರ: ತಿರುವು ಕಾಲುವೆ ತನ್ನ ಅಳತೆಯಷ್ಟೇ ನೀರು ಸಾಗಿಸಬಲ್ಲದು. ಘಟ್ಟದ ಅಂಚಿನಲ್ಲಿ ಒಂದೇ ರಾತ್ರಿ ಸುರಿದ ಮಳೆಯನ್ನು ಹಿಡಿದಿಡಲು ಆ ಜಲಾಶಯಗಳು ಚಿಕ್ಕವು, ಹೆಚ್ಚಾದದ್ದು ಪಶ್ಚಿಮಕ್ಕೇ ಇಳಿಯುತ್ತದೆ. ಗುಡ್ಡ ಕಡಿದು ಮಾಡಿದ ಇಂಥ ಕಾಲುವೆಗಳಲ್ಲಿ ದರೆ ಕುಸಿದು ಹೂಳು ತುಂಬಿದರೆ ಹರಿವು ಇನ್ನೂ ತಗ್ಗುತ್ತದೆ. ಅದಕ್ಕೇ ದರೆ ನೋಡಿ ಹೂಳು ತೆಗೆಯುವ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು.

ಪ್ರಶ್ನೆ: ಗ್ರಿಡ್ ತಟ್ಟನೆ ಕಡಿದುಹೋದರೆ ವಿದ್ಯುದಾಗಾರಕ್ಕೆ ನೀರಿಳಿಸುವ ಪೆನ್‌ಸ್ಟಾಕ್ ಕೊಳವೆಯ ನೀರನ್ನು ಹೇಗೆ ನಿಲ್ಲಿಸುತ್ತಾರೆ? (ಧಾರವಾಡದ ವಿದ್ಯಾರ್ಥಿ)

ಉತ್ತರ: ತಟ್ಟನೆ ನಿಲ್ಲಿಸುವುದೇ ಇಲ್ಲ, ನಿಲ್ಲಿಸಿದರೆ ಒತ್ತಡ ಏರಿ ಕೊಳವೆ ಸೀಳಬಹುದು. ಶರಾವತಿ ವಿದ್ಯುದಾಗಾರದಲ್ಲಿರುವುದು ಪೆಲ್ಟನ್ ಚಕ್ರ, ಅಂದರೆ ಅಂಚಿನ ಬಕೆಟ್‌ಗಳಿಗೆ ನೀರಿನ ಧಾರೆ ಬಡಿದು ತಿರುಗುವ ಚಕ್ರ. ಲೋಡ್ ಹೋದ ಕೂಡಲೇ ಡಿಫ್ಲೆಕ್ಟರ್ ಎಂಬ ತಗಡು ನೀರಿನ ಧಾರೆಗೆ ಅಡ್ಡಬಂದು ಅದನ್ನು ಬಕೆಟ್‌ಗಳಿಂದ ಆಚೆ ತಿರುಗಿಸುತ್ತದೆ. ಚಕ್ರ ವೇಗ ಮೀರುವುದು ತಪ್ಪುತ್ತದೆ. ಆಮೇಲೆ ನಾಜಲ್ಲಿನೊಳಗಿನ ಸೂಜಿ ನಿಧಾನವಾಗಿ ಮುಂದೆ ಬಂದು ಧಾರೆಯನ್ನು ಮುಚ್ಚುತ್ತದೆ.