ಎಪ್ಪತ್ತೈದು ವರ್ಷದ ದಾಖಲೆ ನಿಮ್ಮನ್ನು ಕೇಳುವಂತಿಲ್ಲ

(ಅರಣ್ಯ ಹಕ್ಕು ಮತ್ತು ಗಿರಿಜನರ ಪ್ರಾತಿನಿಧ್ಯದ ಕುರಿತು ಓದುಗರ ಪ್ರಶ್ನೆಗಳಿಗೆ ಚಿಕ್ಕಮಗಳೂರಿನ ವಕೀಲರೊಬ್ಬರ ಉತ್ತರ)

ಪ್ರಶ್ನೆ: ನಾವು ಕಳಸ ಸೀಮೆಯ ಮಲೆಕುಡಿಯರು. ಅಜ್ಜನ ಕಾಲದಿಂದ ಉಳುತ್ತಿರುವ ಎರಡು ಎಕರೆಗೆ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ್ದೆವು. 75 ವರ್ಷದ ದಾಖಲೆ ಇಲ್ಲದ ಕಾರಣ ವಜಾ ಆಗಿದೆ ಎಂದು ಬಾಯಿಮಾತಿನಲ್ಲಿ ತಿಳಿಸಿದರು. ನಮೂನೆ 57ರಲ್ಲಿ ಮಾಡಿಸಿಕೊಡುತ್ತೇನೆಂದು ಒಬ್ಬರು ಹಣ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ನಮೂನೆ 57 ಇರುವುದು ಕಂದಾಯ ಭೂಮಿಯ ಬಗರ್ ಹುಕುಂ ಸಾಗುವಳಿಗೆ. ಅರಣ್ಯ ಭೂಮಿಗೆ ಅದು ಸಲ್ಲುವುದಿಲ್ಲ. ಈ ಎರಡನ್ನೂ ಬೇಕೆಂದೇ ಕಲಸಿ ದುಡ್ಡು ಮಾಡುವವರು ಮಲೆನಾಡಿನ ಪ್ರತಿ ಸಂತೆಯಲ್ಲೂ ಸಿಗುತ್ತಾರೆ. 75 ವರ್ಷ, ಅಂದರೆ ಮೂರು ತಲೆಮಾರಿನ ಷರತ್ತು, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಇತರ ಪಾರಂಪರಿಕ ಅರಣ್ಯವಾಸಿಗಳಿಗೆ, ಅಂದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡಿನ ವಾಸಿಗಳಿಗೆ ಮಾತ್ರ ಇದೆ. ಪರಿಶಿಷ್ಟ ಪಂಗಡದವರಾದ ನೀವು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಜಾಗದಲ್ಲಿದ್ದಿರಿ, ಕಾಡನ್ನೇ ನೆಚ್ಚಿ ಬದುಕುತ್ತಿದ್ದೀರಿ ಎಂದು ತೋರಿಸಿದರೆ ಸಾಕು. ಇದನ್ನು ನಾನು ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ.

ತೋರಿಸುವುದೆಂದರೆ ಕಾಗದವೇ ಆಗಬೇಕೆಂದಿಲ್ಲ. ಹಳೆಯ ಬಾವಿ, ಸ್ಮಶಾನ, ದೈವದ ಬನ, ಕಟ್ಟಿದ ಬದು ಇವೆಲ್ಲ ನಿಯಮಗಳು ಒಪ್ಪುವ ಸಾಕ್ಷ್ಯಗಳೇ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯೂ ಲಿಖಿತ ರೂಪದಲ್ಲಿದ್ದರೆ ಸಾಕ್ಷ್ಯವೇ. ಒಂದಕ್ಕಿಂತ ಹೆಚ್ಚು ಸಾಕ್ಷ್ಯವಿರಲಿ. ಇಂಥದೇ ದಾಖಲೆ ಬೇಕೆಂದು, ಗ್ರಾಮಸಭೆಯ ನಂತರ ಅರ್ಜಿ ಪರಿಶೀಲಿಸುವ ಉಪವಿಭಾಗ ಮಟ್ಟದ ಸಮಿತಿಯಾಗಲಿ ಜಿಲ್ಲಾ ಮಟ್ಟದ ಸಮಿತಿಯಾಗಲಿ ಪಟ್ಟು ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಹಾಡಿಯೊಂದರ ಸಭೆಯಲ್ಲಿ ಒಬ್ಬ ಅಜ್ಜಿ ಹಲಸಿನ ಮರದ ಬುಡದಿಂದ ತೋಡಿನವರೆಗೆ ನಡೆದು, ಮಾವನನ್ನು ಮಣ್ಣು ಮಾಡಿದ ಜಾಗವನ್ನೂ ಭತ್ತ ಬಡಿಯುತ್ತಿದ್ದ ಕಣವನ್ನೂ ತೋರಿಸಿದ್ದನ್ನು ನಾನೇ ಕಂಡಿದ್ದೇನೆ. ನಡಾವಳಿ ಪುಸ್ತಕದಲ್ಲಿ ಮಾತ್ರ 'ಹಿರಿಯರು ಹೇಳಿಕೆ ನೀಡಿದರು' ಎಂಬ ಒಂದೇ ಸಾಲು ಬಿದ್ದಿತ್ತು. ಆ ಅರ್ಜಿ ಮುಂದೆ ಎಲ್ಲಿ ಸೋತಿತೆಂದು ಬೇರೆ ಹೇಳಬೇಕಿಲ್ಲ. ಆದ್ದರಿಂದ ಹೇಳಿಕೆಯನ್ನು ಪೂರ್ತಿ ಬರೆಸಿ, ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ.

ಬಾಯಿಮಾತಿನ ವಜಾಕ್ಕೆ ಬೆಲೆಯಿಲ್ಲ. ತೀರ್ಮಾನವನ್ನು ನಿಮಗೆ ಖುದ್ದಾಗಿ ತಿಳಿಸಬೇಕು, ಸಮಿತಿಯು ಗ್ರಾಮಸಭೆಯ ನಿರ್ಣಯವನ್ನು ತಳ್ಳಿಹಾಕಿದ್ದರೆ ಕಾರಣಗಳನ್ನು ಆದೇಶದಲ್ಲಿ ಬರೆಯಬೇಕು. ಗ್ರಾಮಸಭೆಯೇ ತಿರಸ್ಕರಿಸಿದ್ದರೆ ಉಪವಿಭಾಗ ಮಟ್ಟದ ಸಮಿತಿಗೆ, ಆ ಸಮಿತಿ ತಿರಸ್ಕರಿಸಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಿ. ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವುದನ್ನು ಕಾಯ್ದೆಯ 4(5)ನೇ ಕಲಮು ತಡೆಯುತ್ತದೆ. ನನ್ನದು ಸ್ವಲ್ಪ ಅಳುಕಿನ ಸ್ವಭಾವ. ಅದಕ್ಕಾಗಿ ಹೇಳುತ್ತೇನೆ, ಕೊಟ್ಟ ಪ್ರತಿ ಕಾಗದಕ್ಕೂ ಮೊಹರು ಹಾಕಿದ ಸ್ವೀಕೃತಿ ಪಡೆಯದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.

ಪ್ರಶ್ನೆ: ನಮ್ಮ ಕಡೆ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ ಏಕಿಲ್ಲ?

ಉತ್ತರ: ಮೀಸಲು ಜನಸಂಖ್ಯೆಯ ಪ್ರಮಾಣವನ್ನು ಅನುಸರಿಸುತ್ತದೆ. ರಾಜ್ಯದ 224 ವಿಧಾನಸಭಾ ಕ್ಷೇತ್ರಗಳಲ್ಲಿ ಪಂಗಡಕ್ಕೆ ಮೀಸಲಾದವು 15. ಹಾಸನದ ಏಳು, ಚಿಕ್ಕಮಗಳೂರಿನ ಐದು ಕ್ಷೇತ್ರಗಳಲ್ಲಿ ಅಂಥದೊಂದೂ ಇಲ್ಲ. ಮೂಡಿಗೆರೆ ಮತ್ತು ಸಕಲೇಶಪುರ ಪರಿಶಿಷ್ಟ ಜಾತಿಗೆ ಮೀಸಲು. ಕಾಡಿನಂಚಿನಲ್ಲಿ ಚದುರಿರುವ ಸಣ್ಣ ಸಮುದಾಯಗಳಿಗೆ ಈ ಲೆಕ್ಕದಿಂದ ಶಾಸಕ ಸಿಗುವುದು ಕಷ್ಟವೇ. ಆದರೆ ಊರಿನ ಅರ್ಜಿಗಳನ್ನು ಪರಿಶೀಲಿಸಲು ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಎರಡರಷ್ಟು ಸದಸ್ಯರು ಪಂಗಡದವರಿರಬೇಕೆಂದು ನಿಯಮವೇ ಹೇಳುವಾಗ, ಆ ಸಭೆಗೆ ಹೋಗದೆ ವಿಧಾನಸೌಧದ ಕಡೆ ನೋಡುತ್ತ ಕುಳಿತಿರುವವರ ಬಗ್ಗೆ ನನಗೆ ತಾಳ್ಮೆಯಿಲ್ಲ.

ಪ್ರಶ್ನೆ: ಪೆಸಾ ಕಾಯ್ದೆ ನಮಗೆ ಅನ್ವಯಿಸುತ್ತದೆಯೇ?

ಉತ್ತರ: ಇಲ್ಲ. ಪೆಸಾ ಎಂದರೆ ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗಳಿಗೆ ಹೆಚ್ಚಿನ ಅಧಿಕಾರ ಕೊಡುವ ಪಂಚಾಯತ್ ಕಾಯ್ದೆ. ಅದು ಸಂವಿಧಾನದ ಐದನೇ ಅನುಸೂಚಿಯಡಿ ಘೋಷಿಸಿದ ಬುಡಕಟ್ಟು ಪ್ರದೇಶಗಳಿಗೆ ಸೇರಿದ್ದು. ಕರ್ನಾಟಕದಲ್ಲಿ ಅಂಥ ಪ್ರದೇಶವಿಲ್ಲ.

ಪ್ರಶ್ನೆ: ಹಕ್ಕುಪತ್ರ ಬಂದ ಮೇಲೆ ಜಮೀನು ಮಾರಬಹುದೇ?

ಉತ್ತರ: ಮಾರಲಾಗದು, ವಾರಸುದಾರರಿಗಷ್ಟೇ ಹೋಗುತ್ತದೆ. ಕ್ರಯದ ಕರಾರು ಬರೆಯೋಣವೆಂದು ಛಾಪಾ ಕಾಗದ ಹಿಡಿದು ಬರುವವರನ್ನು ಅಂಗಳದಿಂದಲೇ ಕಳುಹಿಸಿ.