ಯಹೂದಿ ಮಹಿಳೆಯರ ಅಧ್ಯಯನ ಕೂಟಗಳಲ್ಲಿ ನಾಯಕಿಯರು ತಯಾರಾಗುವುದು ಹೇಗೆ?

ನೀವು ಕೇಳಿರುವುದು ಎರಡು ಸಂಗತಿ. ಯಹೂದಿ ಮಹಿಳೆಯರು ಕೂಡಿ ಓದುವ, ಹಿರಿಯರು ಕಿರಿಯರನ್ನು ತಿದ್ದಿ ಬೆಳೆಸುವ ಸಂಸ್ಥೆಗಳಲ್ಲಿ ನಾಯಕತ್ವದ ತರಬೇತಿ ಎಂದರೆ ನಿಜಕ್ಕೂ ಏನು? ನೀವು ಕಟ್ಟಲು ಹೊರಟಿರುವ ಮಹಿಳೆಯರ ಓದಿನ ಕೂಟಕ್ಕೆ ಅದರಿಂದ ಏನಾದರೂ ಸಿಗುತ್ತದೆಯೇ? ನಾನು ಯಹೂದಿಯಲ್ಲ, ಈ ಇತಿಹಾಸವನ್ನು ಹೊರಗೆ ನಿಂತು ಆಸಕ್ತಿಯಿಂದ ಓದಿದವಳು. ನನಗೆ ಕಂಡ ಮಟ್ಟಿಗೆ, ಅಲ್ಲಿ ಬೇರೂರಿದ ಸಂಸ್ಥೆಗಳು ನಾಯಕತ್ವವನ್ನು ಬೇರೆ ಪಾಠವಾಗಿ ಕಲಿಸಿ ಗೆದ್ದವಲ್ಲ. ಕಲಿಯುತ್ತಿರುವವಳನ್ನೇ ಬೇಗ ಕಲಿಸುವ ಜಾಗದಲ್ಲಿ ನಿಲ್ಲಿಸಿದವು.

ಸಾರಾ ಶೆನಿರೆರ್ ಅವರಿಂದ ಶುರು ಮಾಡುತ್ತೇನೆ. 1883ರಲ್ಲಿ ಪೋಲೆಂಡಿನ ಕ್ರಾಕೊವ್ ನಗರದ ಹಸಿದೀ ಎಂಬ ಭಕ್ತಿಪಂಥದ ಸಂಪ್ರದಾಯಸ್ಥ ಯಹೂದಿ ಕುಟುಂಬದಲ್ಲಿ ಹುಟ್ಟಿದವರು, ವೃತ್ತಿಯಲ್ಲಿ ದರ್ಜಿ. ಆ ಸೀಮೆಯ ಗಂಡುಮಕ್ಕಳು ಧರ್ಮ ಕಲಿಸುವ ಶಾಲೆಗೆ ಹೋಗುತ್ತಿದ್ದರು, ಹೆಣ್ಣುಮಕ್ಕಳು ಸರ್ಕಾರಿ ಪೋಲಿಷ್ ಶಾಲೆಗೆ. ಪೋಲಿಷ್ ಸಾಹಿತ್ಯವನ್ನು ಚೆನ್ನಾಗಿ ಬಲ್ಲ ಹುಡುಗಿಗೆ ತಾನು ಹೇಳುವ ಪ್ರಾರ್ಥನೆಯ ಅರ್ಥ ಗೊತ್ತಿರುತ್ತಿರಲಿಲ್ಲ. ಮನೆತನದ ಧರ್ಮ ಆಕೆಗೆ ಅಪ್ಪ, ಅಣ್ಣತಮ್ಮಂದಿರ ವ್ಯವಹಾರವಾಗಿ ಕಾಣುತ್ತಿತ್ತು. ಶೆನಿರೆರ್ ಮೊದಲು ಯುವತಿಯರಿಗೆ ಉಪನ್ಯಾಸ ಮಾಡಿ ನೋಡಿದರು, ಅವರು ಮುಸಿಮುಸಿ ನಕ್ಕರು. ಆಗ ಸಣ್ಣ ಮಕ್ಕಳ ಕಡೆಗೆ ತಿರುಗಿ, 1917ರಲ್ಲಿ ಸುಮಾರು 25 ಹುಡುಗಿಯರೊಂದಿಗೆ ಬೈಸ್ ಯಾಕೋವ್ ಶಾಲೆಯನ್ನು ಆರಂಭಿಸಿದರು. 1923ರಲ್ಲಿ ಅಗುದತ್ ಇಸ್ರಾಯೇಲ್ ಎಂಬ ಸಂಪ್ರದಾಯಸ್ಥ ಸಂಘಟನೆ ಅದರ ಹೊಣೆ ಹೊತ್ತುಕೊಂಡಿತು. 1935ರಲ್ಲಿ ಅವರು ತೀರಿಕೊಂಡರು. ಆ ದಶಕದಲ್ಲಿ ಶಾಲೆಗಳ ಸಂಖ್ಯೆ 200 ದಾಟಿತ್ತು.

ಇಷ್ಟೊಂದು ಶಾಲೆಗಳಿಗೆ ಶಿಕ್ಷಕಿಯರು ಎಲ್ಲಿಂದ ಬಂದರು? ಅದೇ ಮಕ್ಕಳು! ಹದಿಹರೆಯ ಮುಗಿಯದ ಹುಡುಗಿಯರಿಗೆ ತರಬೇತಿ ಕೊಟ್ಟು, ಗುರುತು ಪರಿಚಯವಿಲ್ಲದ ಊರುಗಳಿಗೆ ಶಾಲೆ ತೆರೆಯಲು ಕಳುಹಿಸಿದರು. ಅಷ್ಟು ಎಳೆಯ ವಯಸ್ಸಿನಲ್ಲಿ ಊರಿನ ಹಿರಿಯರೊಂದಿಗೆ ಕುಳಿತು ಮಾತಾಡಿ, ತರಗತಿ ನಡೆಸಬೇಕಿತ್ತು. ಇದನ್ನು ನಾಯಕತ್ವ ಎಂದು ಕರೆದಿದ್ದರೆ ಆ ಸಮಾಜ ಬಹುಶಃ ಬಾಗಿಲು ಹಾಕಿಬಿಡುತ್ತಿತ್ತು. ಹೆಣ್ಣುಮಕ್ಕಳಿಗೆ ಧರ್ಮ ಕಲಿಸುವುದು ಎಂದದ್ದರಿಂದ ನಡೆಯಿತು. ಅಲ್ಲಿ ಹುಡುಗಿಯರಿಗೆ ತಾಲ್ಮುಡ್, ಅಂದರೆ ಯಹೂದಿ ಧರ್ಮಶಾಸ್ತ್ರದ ಚರ್ಚೆಗಳ ಮಹಾಗ್ರಂಥ, ಕಲಿಸುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಆ ಬೇಲಿಯನ್ನು ಶೆನಿರೆರ್ ಮುಟ್ಟಲಿಲ್ಲ. ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೂ ಅವರ ಜಾಣ್ಮೆಯನ್ನು ಮೆಚ್ಚದೆ ಇರಲಾರೆ.

ಅದೇ 1935ರಲ್ಲಿ ಜರ್ಮನಿಯ ಆಫೆನ್‌ಬಾಕ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಬರ್ಲಿನ್ನಿನ ರೆಜಿನಾ ಯೋನಾಸ್ ಅವರಿಗೆ ಮ್ಯಾಕ್ಸ್ ಡೀನೆಮಾನ್ ಎಂಬ ರಬ್ಬಿ (ಯಹೂದಿ ಧರ್ಮಗುರು) ರಬ್ಬಿ ದೀಕ್ಷೆ ಕೊಟ್ಟರು. ಹೀಗೆ ದೀಕ್ಷೆ ಪಡೆದ ಮೊದಲ ಮಹಿಳೆ ಅವರು. ಮಹಿಳೆ ರಬ್ಬಿಯಾಗಬಹುದು ಎಂದು ಧರ್ಮಶಾಸ್ತ್ರದ ಆಧಾರಗಳನ್ನಿಟ್ಟು ಪ್ರಬಂಧ ಬರೆದಿದ್ದ ವಿದ್ವಾಂಸೆ. 1944ರಲ್ಲಿ ಆಕೆಯನ್ನು ನಾಜಿಗಳು ಆಶ್ವಿಟ್ಸ್ ಸಾವಿನ ಶಿಬಿರದಲ್ಲಿ ಕೊಂದರು. 1972ರಲ್ಲಿ ಅಮೆರಿಕದ ಸ್ಯಾಲಿ ಪ್ರೀಸ್ಯಾಂಡ್ ರಬ್ಬಿಯಾದಾಗ ಬಹುತೇಕರು ಅವರೇ ಮೊದಲಿಗರು ಎಂದುಕೊಂಡರು. ಬರ್ಲಿನ್ ಗೋಡೆ ಬಿದ್ದ ಮೇಲೆ, ಪೂರ್ವ ಬರ್ಲಿನ್ನಿನಲ್ಲಿದ್ದ ಕಾಗದಪತ್ರಗಳು ಬೆಳಕಿಗೆ ಬಂದಾಗಲೇ ಯೋನಾಸ್ ಅವರ ಹೆಸರು ಮತ್ತೆ ಕೇಳಿಬಂದದ್ದು. ನಾಜಿಗಳು ಬೈಸ್ ಯಾಕೋವ್ ಶಾಲೆಗಳನ್ನೂ ನಾಶ ಮಾಡಿದರು. ಆದರೆ ಶೆನಿರೆರ್ ಅವರ ಶಿಷ್ಯೆ ವಿಖ್ನಾ ಕಪ್ಲಾನ್ ಅಷ್ಟರಲ್ಲೇ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಪಾಠ ಆರಂಭಿಸಿದ್ದರು. ಪದವಿ ಕೇಳದ ದರ್ಜಿಯ ಹಿಂದೆ ಶಿಷ್ಯೆಯರ ಸಾಲೇ ಇತ್ತು. ಪದವಿ ಪಡೆದ ಯೋನಾಸ್ ಅವರ ಹಿಂದೆ ಅಂಥ ಸಾಲು ಬೆಳೆಯಲು ಕಾಲ ಅವಕಾಶವನ್ನೇ ಕೊಡಲಿಲ್ಲ.

ಈಗಿನ ಕಾಲಕ್ಕೆ ಬಂದರೆ, ನೀವು ಗಮನಿಸಬೇಕಾದದ್ದು ಜೆರುಸಲೇಮಿನ ನಿಶ್ಮತ್. 1990ರಲ್ಲಿ ಆರಂಭವಾದ ಮಹಿಳೆಯರ ಉನ್ನತ ಅಧ್ಯಯನ ಕೇಂದ್ರ ಇದು. ಯಹೂದಿ ಧರ್ಮಶಾಸ್ತ್ರದ ಪ್ರಕಾರ ಮುಟ್ಟಾದ ಹೆಂಡತಿ ಸ್ರಾವ ನಿಂತ ಮೇಲೆ ಏಳು ಶುದ್ಧ ದಿನಗಳನ್ನು ಎಣಿಸಿ, ಮಿಕ್ವೆ ಎಂಬ ಕೊಳದಲ್ಲಿ ಮುಳುಗಿ ಎದ್ದ ಬಳಿಕವೇ ದಾಂಪತ್ಯ. ನಡುವೆ ಒಂದು ಕಲೆ ಕಂಡರೂ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗಬಹುದು. ಆ ಸಂಶಯವನ್ನು ಕೇಳಬೇಕಾದದ್ದು ಗಂಡಸಾದ ರಬ್ಬಿಯನ್ನು. ಎಷ್ಟೋ ಮಹಿಳೆಯರು ನಾಚಿಕೆಯಿಂದ ಕೇಳುತ್ತಲೇ ಇರಲಿಲ್ಲ, ಶಾಸ್ತ್ರ ಹೇಳಿದ್ದಕ್ಕಿಂತ ಕಠಿಣವಾಗಿ ತಮ್ಮನ್ನು ತಾವೇ ಕಟ್ಟಿಹಾಕಿಕೊಳ್ಳುತ್ತಿದ್ದರು. ಋತುಚಕ್ರ ಚಿಕ್ಕದಿರುವವರಿಗೆ ಕಾಯುವ ದಿನಗಳು ಮುಗಿಯುವ ಮೊದಲೇ ಅಂಡ ಬಿಡುಗಡೆಯಾಗಿ ಗರ್ಭ ನಿಲ್ಲದ ತೊಂದರೆಯೂ ಇತ್ತು. ನಿಶ್ಮತ್ 1997ರಲ್ಲಿ ಈ ವಿಷಯದಲ್ಲಿ ಸಲಹೆ ಕೊಡಬಲ್ಲ ಮಹಿಳೆಯರನ್ನು ತಯಾರು ಮಾಡಲು ತೊಡಗಿತು. ಎರಡು ವರ್ಷಗಳ ಶಾಸ್ತ್ರಾಧ್ಯಯನ, ಅದರ ಜೊತೆಗೆ ಸ್ತ್ರೀರೋಗ, ಬಂಜೆತನ, ಮನಶ್ಶಾಸ್ತ್ರದ ಪಾಠ, ಕೊನೆಗೆ ರಬ್ಬಿಗಳ ಎದುರು ಪರೀಕ್ಷೆ. ಹೀಗೆ ತೇರ್ಗಡೆಯಾದವರಿಗೆ ಮಹಿಳೆಯರು ನೇರವಾಗಿ ಫೋನ್ ಮಾಡಿ ಕೇಳಬಹುದು. ಯಾವುದು ಶಾಸ್ತ್ರದ ಪ್ರಶ್ನೆ, ಯಾವುದು ವೈದ್ಯರ ಬಳಿ ಹೋಗಬೇಕಾದ ಪ್ರಶ್ನೆ ಎಂದು ವಿಂಗಡಿಸಿ ಹೇಳುವುದೇ ಅವರ ಕೆಲಸದ ದೊಡ್ಡ ಪಾಲು.

ಓದುವ ಕ್ರಮವೂ ಇದಕ್ಕೆ ಪೂರಕ. ತಾಲ್ಮುಡ್ ಓದುವುದು ಸಾಮಾನ್ಯವಾಗಿ ಇಬ್ಬರ ಜೋಡಿಯಲ್ಲಿ. ಇದಕ್ಕೆ ಹವ್ರುತಾ ಎನ್ನುತ್ತಾರೆ. ಒಬ್ಬಳು ಗಟ್ಟಿಯಾಗಿ ಓದಿ ಅರ್ಥ ಹೇಳುತ್ತಾಳೆ, ಇನ್ನೊಬ್ಬಳು ಆಕ್ಷೇಪ ಎತ್ತುತ್ತಾಳೆ. ನ್ಯೂಯಾರ್ಕಿನ ದ್ರಿಶಾ ಎಂಬ ಅಧ್ಯಯನ ಸಂಸ್ಥೆ 1979ರಿಂದ ಮಹಿಳೆಯರಿಗೆ ಈ ಬಗೆಯ ಓದಿಗೆ ಜಾಗ ಕೊಟ್ಟಿತು. ದಿನಕ್ಕೊಂದು ಹಾಳೆಯಂತೆ 2,711 ಹಾಳೆಗಳ ಬಾಬಿಲೋನಿಯನ್ ತಾಲ್ಮುಡ್ಡನ್ನು ಏಳೂವರೆ ವರ್ಷದಲ್ಲಿ ಮುಗಿಸುವ ಪದ್ಧತಿಯೂ ಇದೆ. 2020ರ ಜನವರಿಯಲ್ಲಿ ಆ ಸುತ್ತು ಮುಗಿದಾಗ ಮಹಿಳೆಯರೇ ಜೆರುಸಲೇಮಿನಲ್ಲಿ ದೊಡ್ಡ ಸಮಾರಂಭ ಏರ್ಪಡಿಸಿದ್ದರು, ಸಾವಿರಾರು ಮಂದಿ ಸೇರಿದ್ದರು.

ಹೀಗೆ ಓದಿದ ಮಹಿಳೆಯರಿಗೆ ಯಾವ ಪದವಿ ಕೊಡಬೇಕು ಎಂಬ ಜಗಳ ಬೇರೆಯೇ ಇದೆ. 2017ರಲ್ಲಿ ಅಮೆರಿಕದ ಆರ್ಥಡಾಕ್ಸ್ ಯೂನಿಯನ್ ಎಂಬ ಸಂಪ್ರದಾಯಸ್ಥ ಯಹೂದಿ ಒಕ್ಕೂಟ, ಮಹಿಳೆಯರು ರಬ್ಬಿಯಂಥ ಧರ್ಮಗುರುವಿನ ಹುದ್ದೆ ವಹಿಸಬಾರದು ಎಂದು ನಿಲುವು ತಳೆಯಿತು. ಆದರೆ ಕಲಿಸುವುದಕ್ಕೆ ಅಡ್ಡಿಯಿಲ್ಲ ಎಂದೂ ಹೇಳಿತು. ಆ ವಾದವನ್ನು ಇಲ್ಲಿ ಬಿಡಿಸುತ್ತ ಕೂರುವುದಿಲ್ಲ.

ನಿಮ್ಮ ಕೂಟಕ್ಕೆ ನನ್ನ ಸಲಹೆ ಇಷ್ಟೇ. ಅಧ್ಯಕ್ಷೆ, ಕಾರ್ಯದರ್ಶಿ ಎಂದು ಮೊದಲ ದಿನವೇ ಹುದ್ದೆ ಹಂಚಬೇಡಿ. ಇಬ್ಬಿಬ್ಬರ ಜೋಡಿ ಮಾಡಿ, ಪಠ್ಯ ಕೊಡಿ, ಗಟ್ಟಿಯಾಗಿ ಓದಿಸಿ. ಕೆಲವು ವಾರ ಕಳೆದ ಮೇಲೆ, ಇನ್ನೂ ಪೂರ್ತಿ ಬಾರದವಳಿಗೇ ಹೊಸಬರ ಒಂದು ಗುಂಪನ್ನು ಒಪ್ಪಿಸಿ. ಆಕೆ ತಡವರಿಸಿದರೆ ತಿದ್ದಲು ಹಿರಿಯರೊಬ್ಬರು ಪಕ್ಕದಲ್ಲಿರಲಿ, ಆದರೆ ಪಾಠವನ್ನು ಅವರು ತಮ್ಮ ಕೈಗೆ ತೆಗೆದುಕೊಳ್ಳದಂತೆ ನೋಡಿಕೊಳ್ಳಿ.