ನಂಬರ್ ಬೀಗದೊಳಗೆ ನಂಬರ್ ಎಲ್ಲಿರತ್ತೆ? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಹೋದ ಸಂಚಿಕೆಲಿ ಬೀಗ, ಚಿಲಕ, ತಿಜೋರಿ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂದಿದ್ವಿ. ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ನಂಬರ್ ಲಾಕ್ ವಿಷಯನೇ ಜಾಸ್ತಿ, ಅದರಲ್ಲೂ ನಂಬರ್ ಬದಲಾಯಿಸೋದು ಹೇಗೆ, ಬದಲಾಯಿಸೋಕೆ ಹೋಗಿ ಸಿಕ್ಕಾಕೊಂಡ್ರೆ ಏನ್ಮಾಡೋದು ಅನ್ನೋದು. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ.

ಪ್ರಶ್ನೆ: ಮಗ ಕಾಲೇಜಿಗೆ ಬೆಂಗಳೂರಿಗೆ ಹೊರಟಿದ್ದಾನೆ ಅಂತ ಹೊಸ ಸೂಟ್‌ಕೇಸ್ ತಂದ್ವಿ. ಮೂರಂಕಿ ಲಾಕ್, ಅಂಗಡೀಲಿ 000 ಅಂತ ಹೇಳಿ ತೆಗೆದು ತೋರಿಸಿದ್ರು. ಮನೇಲಿ ತೆರೆದಿಟ್ಟಿದ್ದಾಗ ಮಕ್ಕಳು ಏನೋ ಒತ್ತಿ ತಿರುಗಿಸಿ ಆಟ ಆಡಿದ್ದಾರೆ, ಮುಚ್ಚಿದ್ಮೇಲೆ 000 ಹಾಕಿದ್ರೂ ತೆಗೀತಿಲ್ಲ. ಲಾಕ್ ಕೆಟ್ಟೋಯ್ತಾ? (ಹಾಸನ)

ಉತ್ತರ: ಕೆಟ್ಟಿಲ್ಲ, ನಂಬರ್ ಬದಲಾಗಿದೆ ಅಷ್ಟೆ. ಇದು ಹೇಗಾಗತ್ತೆ ಅಂತ ಒಂದು ಸಲ ಗೊತ್ತಾದ್ರೆ ಕೆಳಗಿನ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕಂಗೆ, ಅದಕ್ಕೆ ಇದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ.

ಹೊರಗಿಂದ ನೋಡಿದ್ರೆ ಒಂದೊಂದು ಚಕ್ರನೂ ಒಂದೇ ಪೀಸ್ ಅನ್ಸತ್ತೆ. ಆದ್ರೆ ನಂಬರ್ ಬದಲಾಯಿಸಬಹುದಾದ ಲಾಕಲ್ಲಿ ಪ್ರತಿ ಚಕ್ರದಲ್ಲೂ ಎರಡು ಭಾಗ ಇರತ್ತೆ, ಹೊರಗಡೆ 0ಯಿಂದ 9ರ ತನಕ ಅಂಕಿ ಇರೋ ಉಂಗುರ, ಅದರೊಳಗೆ ಒಂದು ಸಣ್ಣ ಕೊಳವೆ, ಎರಡೂ ಬಿಗಿ ಬಳೆಯೊಳಗೆ ಕೈ ಕೂತಂಗೆ ಕೂತಿರತ್ತೆ. ಕೊಳವೆ ಮೇಲೆ ಒಂದೇ ಒಂದು ಕಡೆ ಕಚ್ಚು ಕೊರೆದಿರ್ತಾರೆ. ಮೂರೂ ಕೊಳವೆಗಳ ಕಚ್ಚು ಒಂದೇ ಸಾಲಿಗೆ ಬಂದಾಗ ಮಾತ್ರ ಒಳಗಿನ ಚಿಲಕ ಜಾರೋಕೆ ದಾರಿ ಸಿಗತ್ತೆ, ಒಂದು ಕಚ್ಚು ಆಚೀಚೆ ಇದ್ರೂ ಚಿಲಕ ಅಲ್ಲೇ ತಡೆಯತ್ತೆ. ಅಂದ್ರೆ ಬೀಗಕ್ಕೆ ಅಂಕಿ ಗೊತ್ತೇ ಇಲ್ಲ ನೋಡಿ, ಅದಕ್ಕೆ ಗೊತ್ತಿರೋದು ಕಚ್ಚು ಮಾತ್ರ. ಯಾವ ಅಂಕಿ ಕೆಳಗೆ ಕಚ್ಚು ಇದೆ ಅನ್ನೋದು ಉಂಗುರ ಮತ್ತು ಕೊಳವೆ ಹೇಗೆ ಜೋಡ್ಕೊಂಡಿವೆ ಅನ್ನೋದರ ಮೇಲೆ ಹೋಗತ್ತೆ, ಆ ಜೋಡಣೆಗೆ ಎರಡರ ಮಧ್ಯೆ ಸಣ್ಣ ಸಣ್ಣ ಹಲ್ಲು ಇರತ್ತೆ, ಹತ್ತು ಅಂಕಿಗೆ ಹತ್ತು ಜಾಗದಲ್ಲಿ ಕೂರೋ ಹಾಗೆ.

ಈಗ ರಿಸೆಟ್ ಬಟನ್ ಅಂತ ಒಂದು ಇರತ್ತಲ್ಲ, ಪೆನ್ ತುದೀಲಿ ಒತ್ತೋದು, ಕೆಲವದರಲ್ಲಿ ಪಕ್ಕಕ್ಕೆ ತಳ್ಳೋ ಸಣ್ಣ ಲಿವರ್, ಅದು ಮಾಡೋ ಕೆಲಸ ಒಂದೇ, ಆ ಹಲ್ಲುಗಳನ್ನ ಬಿಡಿಸೋದು. ಬಿಟ್ಟ ಮೇಲೆ ಉಂಗುರ ಒಂದೇ ತಿರುಗತ್ತೆ, ಕೊಳವೆಗಳು ಕಚ್ಚು ಸಾಲಾಗಿ ನಿಂತಲ್ಲೇ ನಿಂತಿರತ್ತೆ. ಉಂಗುರ ತಿರುಗಿಸಿ ನಿಮಗೆ ಬೇಕಾದ ಅಂಕಿ ತಂದು ಬಟನ್ ವಾಪಸ್ ಬಿಟ್ರೆ ಹಲ್ಲು ಮತ್ತೆ ಕಚ್ಕೊಳ್ಳತ್ತೆ, ಆ ಹೊತ್ತಿಗೆ ಮೇಲಿದ್ದ ಅಂಕಿನೇ ಹೊಸ ನಂಬರ್. ಹಳೇ ನಂಬರ್ ಎಲ್ಲೂ ಉಳಿಯೋದಿಲ್ಲ. ನಿಮ್ಮ ಮಕ್ಕಳು ಮಾಡಿದ್ದೂ ಇದೇ, ಗೊತ್ತಿಲ್ಲದೇ ಮಾಡಿದ್ದಾರೆ.

ತೆಗೆಯೋದಕ್ಕೆ ಒಡೆಯೋಕೆ ಹೋಗ್ಬೇಡಿ. ಮೂರು ಚಕ್ರ ಅಂದ್ರೆ 000ಯಿಂದ 999, ಒಟ್ಟು 1000 ನಂಬರ್ ಮಾತ್ರ. ಒಂದಕ್ಕೆ ಎರಡು ಸೆಕೆಂಡ್ ಹಿಡಿದ್ರೂ ಎಲ್ಲಾ ಮುಗಿಯೋಕೆ ಅರ್ಧ ಗಂಟೆ ಮೇಲೆ ಸ್ವಲ್ಪ ಆಗತ್ತೆ, ಅಷ್ಟೊತ್ತಿಗೆ ಖಂಡಿತ ಸಿಗತ್ತೆ. ಮೊದಲೆರಡು ಚಕ್ರ ಹಾಗೇ ಬಿಟ್ಟು ಕೊನೇದನ್ನ 0ಯಿಂದ 9 ತಿರುಗಿಸಿ, ಆಮೇಲೆ ಮಧ್ಯದ್ದನ್ನ ಒಂದು ಹೆಜ್ಜೆ, ಹೀಗೆ ಕ್ರಮವಾಗಿ ಹೋಗಿ, ಮನಸ್ಸಿಗೆ ಬಂದಂಗೆ ಹಾಕಿದ್ರೆ ಯಾವುದು ಆಯ್ತು ಯಾವುದು ಬಿಟ್ಟೋಯ್ತು ಗೊತ್ತಾಗಲ್ಲ. ಪ್ರತಿ ಸಲ ಚಿಲಕ ತಳ್ಳಿ ನೋಡಿ. ಸಿಕ್ಕಿದ ಕೂಡ್ಲೇ ಬರೆದಿಟ್ಕೊಳ್ಳಿ, ಆಮೇಲೆ ನಿಮಗೆ ಬೇಕಾದ ನಂಬರ್ ಹಾಕ್ಕೊಳ್ಳಿ.

ಪ್ರಶ್ನೆ: ಅದೇ ಥರದ ಸೂಟ್‌ಕೇಸ್ ಲಾಕಲ್ಲಿ ಕೀ ಹಾಕೋ ತೂತು ಇದೆ, ಆದ್ರೆ ಅಂಗಡಿಯವರು ಕೀ ಕೊಟ್ಟಿಲ್ಲ. ಮೋಸ ಆಯ್ತಾ? (ಅರಸೀಕೆರೆ)

ಉತ್ತರ: ಪಕ್ಕದಲ್ಲಿ ಟಿಎಸ್ಎ007 ಅಂತ ಬರೆದಿದ್ರೆ ಮೋಸ ಅಲ್ಲ. ಅಮೆರಿಕದ ವಿಮಾನ ನಿಲ್ದಾಣದ ತಪಾಸಣೆಯವರು ಬೀಗ ಒಡೀದೆ ತೆಗೆದು ನೋಡ್ಲಿ ಅಂತ ಮಾಡಿರೋ ತೂತು ಅದು, ಕೀ ಅವರ ಹತ್ರ ಇರತ್ತೆ, ಕೊಂಡವರಿಗೆ ಕೊಡೋದಿಲ್ಲ. ನಿಮಗೆ ನಂಬರೇ ಕೀ.

ಪ್ರಶ್ನೆ: ತೋಟದ ಗೋಡೌನಿಗೆ ನಾಲ್ಕಂಕಿ ನಂಬರ್ ಬೀಗ ಹಾಕಿದ್ದೀವಿ, ಒಳಗೆ ಕಾಳುಮೆಣಸು ಇರತ್ತೆ. ಕೆಲಸದವರು ಬದಲಾದಾಗೆಲ್ಲಾ ನಂಬರ್ ಬದಲಾಯಿಸ್ತೀನಿ. ಈ ಸಲ ಬದಲಾಯಿಸಿದ್ಮೇಲೆ ನಾನು ಹಾಕಿದ ನಂಬರಿಗೇ ತೆಗೀತಿಲ್ಲ. ಇನ್ನೊಂದು, ಕೊಂಡಿ ಎಳೆದು ಹಿಡಿದು ಚಕ್ರ ತಿರುಗಿಸಿದ್ರೆ ಯಾರು ಬೇಕಾದ್ರೂ ತೆಗೀಬಹುದು ಅಂತಾರೆ, ಹೌದಾ? (ಸಕಲೇಶಪುರ)

ಉತ್ತರ: ಕೆಲಸದವರು ಬದಲಾದಾಗ ನಂಬರ್ ಬದಲಾಯಿಸ್ತೀರಲ್ಲ, ಅದು ತುಂಬಾ ಒಳ್ಳೆ ಅಭ್ಯಾಸ, ಬಿಡ್ಬೇಡಿ. ಕೀ ಬೀಗ ಆಗಿದ್ರೆ ಬೀಗನೇ ಬದಲಾಯಿಸ್ಬೇಕಿತ್ತು.

ನಿಮ್ಮ ಬೀಗದಲ್ಲಿ ಬಟನ್ ಇರಲ್ಲ, ಕೊಂಡಿನೇ ರಿಸೆಟ್. ತೆಗೆದು ಕೊಂಡಿನ ಕಾಲು ಸುತ್ತೋ ಅರ್ಧ ಸುತ್ತೋ ತಿರುಗಿಸಿ ಕೆಳಗೆ ಒತ್ತಿದ್ರೆ ಕೊಂಡಿ ಕಾಲಿನ ಮೇಲಿರೋ ಗುಬುಟುಗಳು ಕೊಳವೆಗಳನ್ನ ಎಲ್ಲಾ ಒಟ್ಟಿಗೆ ಕೆಳಗೆ ತಳ್ಳತ್ತೆ, ಹಲ್ಲು ಬಿಟ್ಕೊಳ್ಳತ್ತೆ, ಆಗ ಅಂಕಿ ಬದಲಾಯಿಸಿ ಕೊಂಡಿ ಬಿಡೋದು. ಬೀಗ ಹಾಕಿದ್ದಾಗ ಕೊಂಡಿ ಮೇಲೆ ಬರೋದೇ ಇಲ್ಲ, ತಿರುಗೋದೂ ಇಲ್ಲ, ಹಾಗಾಗಿ ಹಾಕಿದ ಬೀಗದ ನಂಬರ್ ಯಾರೂ ಬದಲಾಯಿಸೋಕಾಗಲ್ಲ. ಈ ಯೋಚನೆ ಎಷ್ಟು ಚೆನ್ನಾಗಿದೆ ಅಂದ್ರೆ, ಹಳೇ ನಂಬರ್ ಗೊತ್ತಿದ್ದವನಿಗೆ ಮಾತ್ರ ಹೊಸ ನಂಬರ್ ಹಾಕೋ ಅಧಿಕಾರ, ಅದನ್ನ ಬರೀ ಒಂದು ಕಂಬಿಯ ಆಕಾರದಲ್ಲೇ ಸಾಧಿಸಿದ್ದಾರೆ, ಕರೆಂಟ್ ಇಲ್ಲ, ಬ್ಯಾಟರಿ ಇಲ್ಲ.

ನಿಮಗೆ ಆಗಿರೋದು ಬಹುಶಃ ಇದು. ಕೊಂಡಿ ಬಿಡೋವಾಗ ಯಾವುದೋ ಒಂದು ಉಂಗುರ ಎರಡು ಅಂಕಿ ಮಧ್ಯೆ ಇತ್ತು, ಹಲ್ಲು ಪಕ್ಕದ ಜಾಗದಲ್ಲಿ ಕೂತ್ಕೊಂಡಿದೆ. ಹಾಗಾದ್ರೆ ನೀವು ಹಾಕಿದ ಅಂಕಿಯ ಆಚೆ ಈಚೆ ಒಂದೊಂದರಲ್ಲೇ ಉತ್ತರ ಇದೆ. ಮೊದಲು ಒಂದೊಂದೇ ಚಕ್ರ ಒಂದಂಕಿ ಮೇಲೆ ಕೆಳಗೆ ಮಾಡಿ ನೋಡಿ, ಅದರಲ್ಲೇ ಹೆಚ್ಚಾಗಿ ಸಿಗತ್ತೆ, ಸಿಗದಿದ್ರೆ ಎಲ್ಲಾ ಚಕ್ರಕ್ಕೂ ಮೂರು ಮೂರು ಸಾಧ್ಯತೆ ಇಟ್ಕೊಂಡ್ರೂ 81 ನಂಬರ್ ಅಷ್ಟೇ, 10,000 ಅಲ್ಲ. ಇನ್ಮುಂದೆ ಬದಲಾಯಿಸಿದ್ಮೇಲೆ ಬಾಗಿಲಿಗೆ ಹಾಕೋ ಮೊದಲೇ ಕೈಯಲ್ಲಿ ಹಿಡ್ಕೊಂಡು ಮೂರ್ನಾಲ್ಕು ಸಲ ಹಾಕಿ ತೆಗೆದು ನೋಡಿ.

ಎಳೆದು ಹಿಡಿಯೋ ವಿಷಯ ಸುಳ್ಳಲ್ಲ. ಎಲ್ಲಾ ಕೊಳವೆನೂ ಕೂದಲೆಳೆ ವ್ಯತ್ಯಾಸ ಇಲ್ಲದೇ ಒಂದೇ ಅಳತೇಲಿ ಮಾಡೋಕಾಗಲ್ಲ, ಅಗ್ಗದ ಬೀಗದಲ್ಲಿ ಈ ವ್ಯತ್ಯಾಸ ಜಾಸ್ತಿ, ಕೊಂಡಿ ಎಳೆದಾಗ ಒಂದು ಚಕ್ರ ಉಳಿದವಕ್ಕಿಂತ ಮೊದಲು ಬಿಗಿಯಾಗತ್ತೆ, ಅಲ್ಲಿಂದ ಬೆರಳಿಗೆ ಸುಳಿವು ಸಿಗತ್ತೆ. ಒಳ್ಳೆ ಬೀಗ ಮಾಡೋರು ಇದಕ್ಕೆ ಕೊಳವೆ ಮೇಲೆ ಸುಳ್ಳು ಕಚ್ಚುಗಳನ್ನೂ ಹಾಕಿರ್ತಾರೆ, ಆಳ ಕಮ್ಮಿ, ಬೆರಳಿಗೆ ನಿಜದ ಕಚ್ಚಿನಂತೇ ಅನ್ಸತ್ತೆ ಆದ್ರೆ ತೆಗೆಯಲ್ಲ. ಮೆಣಸು ಇಡೋ ಗೋಡೌನಿಗೆ ಅಂಥದ್ದನ್ನೇ ತಗೊಳ್ಳಿ, ಮೆಣಸಿನ ರೇಟ್ ನೋಡಿದ್ರೆ ಬೀಗಕ್ಕೆ ಹೆಚ್ಚು ಕೊಡೋದು ಏನೂ ಅಲ್ಲ.

ಪ್ರಶ್ನೆ: ಅಜ್ಜನ ಕಾಲದ ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ತಿಜೋರಿ ತಂದಿದ್ದೀವಿ, ಒಂದೇ ದೊಡ್ಡ ಡಯಲ್, 0ಯಿಂದ 99 ಇದೆ. ಮಾರಿದವರು ನಂಬರ್ ಕೊಟ್ಟಿದ್ದಾರೆ. ಇದರ ನಂಬರ್ ಬದಲಾಯಿಸೋಕಾಗತ್ತಾ? ಬದಲಾಯಿಸ್ಲೇಬೇಕಾ? (ಆಲ್ದೂರು)

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ, ಬದಲಾಯಿಸ್ಲೇಬೇಕು ಮಾರಾಯ್ರೇ. ಮಾರಿದವರಿಗೆ ಗೊತ್ತು, ಅವರಿಗೆ ಮಾರಿದವರಿಗೆ ಗೊತ್ತು, ಮಧ್ಯೆ ರಿಪೇರಿ ಮಾಡಿದವರಿಗೆ ಗೊತ್ತು. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬ್ ಕೆಲಸ ನಡೀತಿದ್ದಾಗ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅಲ್ಲಿನ ಫೈಲ್ ಕಪಾಟುಗಳ ನಂಬರ್ ಲಾಕ್‌ಗಳನ್ನ ತೆಗೆದು ತೋರಿಸ್ತಿದ್ರು. ಒಂದೊಂದು ಲಾಕಿಗೂ ಇಂಥ ಡಯಲ್ಲಲ್ಲಿ ಮೂರು ಸಂಖ್ಯೆ ಹಾಕ್ಬೇಕಿತ್ತು. ಆ ಲಾಕ್‌ಗಳಲ್ಲಿ ಆಚೀಚೆ ಎರಡಂಕಿ ತಪ್ಪಾದ್ರೂ ತೆಗೀತಿತ್ತು, ಅಂದ್ರೆ 100 ಅಂಕಿಲಿ ಐದಕ್ಕೊಂದು ನೋಡಿದ್ರೆ ಸಾಕು, ಹತ್ತು ಲಕ್ಷ ಅಂತ ಹೇಳೋ ನಂಬರ್‌ಗಳು 20×20×20, ಅಂದ್ರೆ 8000ಕ್ಕೆ ಇಳೀತಿತ್ತು. ಡ್ರಾಯರ್ ತೆರೆದು ಬಿಟ್ಟಿದ್ರೆ ಮಾತಾಡ್ತಾ ಮಾತಾಡ್ತಾ ಮೂರರಲ್ಲಿ ಕೊನೆಯ ಎರಡು ಸಂಖ್ಯೆ ಕಂಡುಹಿಡೀತಿದ್ರು. ಅದಕ್ಕಿಂತ ನನಗೆ ಮನಸ್ಸಿಗೆ ತಟ್ಟಿದ್ದು ಏನಂದ್ರೆ, ಒಬ್ಬ ಅಧಿಕಾರಿಯ ದೊಡ್ಡ ತಿಜೋರಿ ಬೀಗ ರಿಪೇರಿಯವನು ಸುಲಭವಾಗಿ ತೆಗೆದುಬಿಟ್ಟಿದ್ದು, ಹೇಗೆ ಅಂತ ನೋಡಿದ್ರೆ ಫ್ಯಾಕ್ಟರಿಯಿಂದ ಬಂದ ನಂಬರ್ ಬದಲಾಯಿಸೇ ಇರ್ಲಿಲ್ಲ. ಎಂಥಾ ಜಾಗ, ಎಂಥಾ ಗುಟ್ಟು, ಅಲ್ಲೇ ಹೀಗೆ.

ಈಗ ಒಳಗಿನ ಕೆಲಸ. ಡಯಲ್ ಒಂದೇ ಆದ್ರೂ ಒಳಗೆ ಸಾಮಾನ್ಯವಾಗಿ ಮೂರು ಚಕ್ರ ಇರತ್ತೆ, ಒಂದರ ಪಕ್ಕ ಒಂದು. ಡಯಲ್ ತಿರುಗಿಸ್ತಾ ಹೋದ್ರೆ ಒಂದು ಚಕ್ರದ ಗೂಟ ಇನ್ನೊಂದನ್ನ ಎಳ್ಕೊಳ್ಳತ್ತೆ, ಅದು ಮುಂದಿನದನ್ನ, ಹಾಗೆ ಮೂರೂ ಒಟ್ಟಿಗೆ ತಿರುಗತ್ತೆ. ದಿಕ್ಕು ಬದಲಾಯಿಸಿದಾಗೆಲ್ಲಾ ಒಂದು ಚಕ್ರ ತನ್ನ ಜಾಗದಲ್ಲಿ ಉಳಿಯತ್ತೆ. ಹಾಗಾಗಿನೇ ಎಡಕ್ಕೆ ನಾಲ್ಕು ಸಲ, ಬಲಕ್ಕೆ ಮೂರು ಸಲ, ಎಡಕ್ಕೆ ಎರಡು ಸಲ, ಆಮೇಲೆ ಬಲಕ್ಕೆ ನಿಲ್ಲೋ ತನಕ ಅನ್ನೋ ಲೆಕ್ಕ. ಮೂರರ ಕಚ್ಚೂ ಸಾಲಾದಾಗ ಒಂದು ಅಡ್ಡಪಟ್ಟಿ ಆ ಕಚ್ಚೊಳಗೆ ಬೀಳತ್ತೆ, ಹ್ಯಾಂಡಲ್ ಹಿಂದಿರೋ ಚಿಲಕ ಸರಿಯತ್ತೆ.

ಬದಲಾಯಿಸೋದರಲ್ಲಿ ಎರಡು ಜಾತಿ ಇದೆ. ಒಂದರಲ್ಲಿ ಬಾಗಿಲ ಹಿಂದಿನ ಮುಚ್ಚಳ ಬಿಚ್ಚಿ ಚಕ್ರಗಳನ್ನೇ ಹೊರಗೆ ತೆಗೆದು ಕೈಯಲ್ಲಿ ಜೋಡಣೆ ಬದಲಾಯಿಸ್ಬೇಕು, ಅದು ರಿಪೇರಿಯವರ ಕೆಲಸ. ಇನ್ನೊಂದರಲ್ಲಿ ಬಾಗಿಲ ಒಳಮುಖದಲ್ಲಿ ಒಂದು ತೂತು ಇರತ್ತೆ, ಅದಕ್ಕೆ ಬೇರೆನೇ ಒಂದು ಬದಲಾವಣೆ ಕೀ. ಡಯಲ್ ಸುತ್ತಿನ ಪಟ್ಟೀಲಿ ಎರಡು ಗೆರೆ ಇದ್ಯಾ ನೋಡಿ, ನೆತ್ತೀಲಿ ಒಂದು, ಸ್ವಲ್ಪ ಎಡಕ್ಕೆ ಇನ್ನೊಂದು. ಎಡಗಡೆ ಗೆರೆ ಬದಲಾಯಿಸೋಕೆ ಮಾತ್ರ. ಹಳೇ ನಂಬರನ್ನ ಆ ಗೆರೆಗೆ ಸರಿಯಾಗಿ ತಿರುಗಿಸಿದಾಗ ಮೂರೂ ಚಕ್ರದ ತೂತು ಒಂದರ ಹಿಂದೆ ಒಂದು ಬಂದು ಕೀ ಒಳಗೆ ಹೋಗತ್ತೆ, ತಿರುಗಿಸಿದ್ರೆ ಚಕ್ರದ ಹೊರಭಾಗ ಒಳಭಾಗ ಬಿಟ್ಕೊಳ್ಳತ್ತೆ, ಸೂಟ್‌ಕೇಸ್ ಲಾಕಿನ ಉಪಾಯನೇ ಇದು. ಹೊಸ ನಂಬರ್ ಅದೇ ಗೆರೆಗೆ ತಿರುಗಿಸಿ ಕೀ ವಾಪಸ್ ತಿರುಗಿಸಿ ತೆಗೆಯೋದು. ಕೀ ತನ್ನಷ್ಟಕ್ಕೆ ಹೋಗದಿದ್ರೆ ಒತ್ತಡ ಹಾಕ್ಬೇಡಿ, ಹಳೇ ನಂಬರ್ ಸರಿಯಾಗಿ ಬಂದಿಲ್ಲ ಅಂತ ಅರ್ಥ. ಕೊನೆ ಅಂಕಿ 0ಯಿಂದ 20ರೊಳಗೆ ಇಡ್ಬೇಡಿ, ಎಷ್ಟೋ ಲಾಕ್‌ಗಳಲ್ಲಿ ಆ ಜಾಗ ನಿಷಿದ್ಧ. ಕೀನೇ ಇಲ್ಲ ಅಂದ್ರೆ ತಿಜೋರಿ ಕೆಲಸ ಗೊತ್ತಿರೋರನ್ನ ಕರೆಸಿ, ಲಾಕಿನ ಮಾಡೆಲ್‌ಗೆ ತಕ್ಕ ಕೀನೇ ಬೇಕು.

ಇದೆಲ್ಲಾ ಬಾಗಿಲು ತೆರೆದಿಟ್ಟೇ ಮಾಡ್ಬೇಕು, ಹೊಸ ನಂಬರಿಗೆ ಚಿಲಕ ಮೂರು ಸಲ ಸರಿಯಾಗಿ ಹೋಗಿ ಬಂದ್ಮೇಲೆ ಬಾಗಿಲು ಮುಚ್ಚಿ. ದೀಪಾವಳಿ ಲಕ್ಷ್ಮೀಪೂಜೆಗೆ ಬಿಟ್ರೆ ತೆಗೆಯದೇ ಇರೋ ತಿಜೋರಿ ಎಷ್ಟೋ ಮನೇಲಿದೆ, ಅಂಥವರು ನಂಬರನ್ನ ಮನೆಯ ಇನ್ನೊಬ್ಬ ಹಿರಿಯರಿಗಾದ್ರೂ ಹೇಳಿಟ್ಟಿರಿ.

ಪ್ರಶ್ನೆ: ನಂಬರ್ ಬೀಗ ಯಾರು ಕಂಡುಹಿಡಿದಿದ್ದು? ಶಾಲೆಯ ಪ್ರಾಜೆಕ್ಟಿಗೆ ಬೇಕು. (ಬೇಲೂರು)

ಉತ್ತರ: ಒಬ್ಬರ ಹೆಸರು ಬರೀಬೇಡ ಕಂದ. 1206ರಲ್ಲೇ ಅಲ್ ಜಝರಿ ಅನ್ನೋ ಯಂತ್ರಶಿಲ್ಪಿ ಅಕ್ಷರ ಇರೋ ನಾಲ್ಕು ಡಯಲ್‌ಗಳ ಬೀಗದ ವಿವರ ಬರೆದಿಟ್ಟಿದ್ದಾನೆ. ಕೀ ಹಾಕಿ ನಂಬರ್ ಬದಲಾಯಿಸೋ ತಿಜೋರಿ ಲಾಕ್ ಅಂದ್ರೆ ಅಮೆರಿಕದ ಜೇಮ್ಸ್ ಸಾರ್ಜೆಂಟ್, 1857. ಬ್ಯಾಂಕಿನವರನ್ನ ಹೆದರಿಸಿ ನಂಬರ್ ಹೇಳಿಸ್ಕೊಳ್ಳೋ ದರೋಡೆಕೋರರಿಗೆ ನಂಬರ್ ಬದಲಾಯಿಸೋದರಿಂದ ಏನೂ ತಡೆ ಆಗಲ್ಲ ಅಲ್ವಾ, ಅದಕ್ಕೆ ಅವನೇ 1873ರಲ್ಲಿ ಗಡಿಯಾರ ಕಟ್ಟಿದ ಲಾಕ್ ಮಾಡ್ದ, ಹೊತ್ತಾಗೋ ತನಕ ಸರಿಯಾದ ನಂಬರ್ ಹಾಕಿದ್ರೂ ತೆಗೆಯಲ್ಲ. ನಮ್ಮ ದೇಶದ್ದು ಬೇಕಾದ್ರೆ 1897ರಲ್ಲಿ ಬೊಂಬಾಯಲ್ಲಿ ಅರ್ದೇಶಿರ್ ಗೋದ್ರೆಜ್ ಬೀಗದ ಕಾರ್ಖಾನೆ ಶುರು ಮಾಡಿದ್ದನ್ನ ಸೇರಿಸು.

ಪ್ರಶ್ನೆ: ಹೋಮ್‌ಸ್ಟೇ ನಡೆಸ್ತೀವಿ. ಗೆಸ್ಟ್‌ಗಳಿಗೆ ಕೀ ಇಡೋಕೆ ಗೋಡೆಗೆ ಒಂದು ಬಟನ್ ಡಬ್ಬಿ ಹಾಕಿದ್ದೀವಿ, ಹತ್ತು ಬಟನ್. ಒಬ್ಬ ಗೆಸ್ಟ್ ನಂಬರ್ ಉಲ್ಟಾ ಒತ್ತಿದ್ರೂ ತೆಗೀತು ಅಂದ್ರು. ಡಬ್ಬಿ ಹಾಳಾಗಿದ್ಯಾ? ಮಳೆಗಾಲದಲ್ಲಿ ಬಟನ್ ಕೂಡ ಸಿಕ್ಕಾಕೊಳ್ಳತ್ತೆ. (ಮೂಡಿಗೆರೆ)

ಉತ್ತರ: ಹಾಳಾಗಿಲ್ಲ, ಆ ಡಬ್ಬಿ ಇರೋದೇ ಹಾಗೆ. ಅದಕ್ಕೆ ಯಾವ ಬಟನ್ ಒತ್ತಿದ್ದೀರಿ ಅನ್ನೋದಷ್ಟೇ ಬೇಕು, ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ಬೇಡ. 1-2-3-4 ಆದ್ರೂ 4-3-2-1 ಆದ್ರೂ ಒಂದೇ. ಪ್ರತಿ ಬಟನ್ ಒಂದೋ ಒತ್ತಬೇಕು ಇಲ್ಲಾ ಬಿಡಬೇಕು, ಹತ್ತು ಬಟನ್‌ಗೆ ಒಟ್ಟು 1024 ಥರ, ಅದರಲ್ಲೂ ನಾಲ್ಕು ಬಟನ್ ಅಂತ ಗೊತ್ತಾದ್ರೆ 210 ಮಾತ್ರ. ನಾಲ್ಕು ಚಕ್ರದ ಡಬ್ಬಿಗೆ 10,000. ಹಾಗಾಗಿ ಆಗೋದಾದ್ರೆ ಚಕ್ರದ ಡಬ್ಬಿಗೆ ಬದಲಾಯಿಸಿ. ಇದನ್ನೇ ಇಟ್ಕೊಳ್ಳೋದಾದ್ರೆ ಡಬ್ಬಿ ತೆಗೆದು ಬಾಗಿಲ ಹಿಂದಿನ ತಟ್ಟೆ ಬಿಚ್ಚಿ, ಪ್ರತಿ ಬಟನ್ ಹಿಂದೆ ಬಾಣದ ಗುರುತು ಇರೋ ತಿರುಪು ಇರತ್ತೆ, ನಂಬರಿಗೆ ಸೇರಿಸ್ಬೇಕಾದ ಬಟನ್‌ನದ್ದನ್ನ ಅರ್ಧ ಸುತ್ತು ತಿರುಗಿಸಿ, ಬಿಡಬೇಕಾದ್ದನ್ನ ವಾಪಸ್. ಗೆಸ್ಟ್ ಬದಲಾದಾಗೆಲ್ಲಾ ಮಾಡಿ. ಒಂದೇ ನಂಬರ್ ವರ್ಷಗಟ್ಟಲೆ ಇಟ್ರೆ ಆ ನಾಲ್ಕು ಬಟನ್ ಮಾತ್ರ ಸವೆದು ಹೊಳೀತಾ ಇರತ್ತೆ, ನೋಡಿದವರಿಗೆ ನಂಬರ್ ಗೊತ್ತಾಗೋಗತ್ತೆ.

ಮಳೆ ವಿಷಯ. ಮೂಡಿಗೆರೆ, ಕೊಟ್ಟಿಗೆಹಾರ ಕಡೆ ಜೂನಿಂದ ಬೀಳೋ ಮಳೆಗೆ ಒಳಗಿನ ಉಕ್ಕಿನ ಸ್ಪ್ರಿಂಗ್ ತುಕ್ಕು ಹಿಡಿಯೋದೇ ಮುಖ್ಯ ಕಾರಣ. ಕೊಬ್ಬರಿ ಎಣ್ಣೆ ಬಿಡ್ಬೇಡಿ, ಇಂಜಿನ್ ಆಯಿಲ್ಲೂ ಬೇಡ, ಧೂಳು ಹಿಡ್ಕೊಂಡು ಅಂಟಾಗಿ ಬಟನ್ ಇನ್ನೂ ಸಿಕ್ಕಾಕೊಳ್ಳತ್ತೆ. ಒಣಗಿಸಿ ಗ್ರಾಫೈಟ್ ಪುಡಿ ಹಾಕಿ, ಸಿಗದಿದ್ರೆ ಪೆನ್ಸಿಲ್ ಸೀಸದ ಪುಡಿ ನುಣ್ಣಗೆ ಮಾಡಿ ಹಾಕಿದ್ರೂ ಆಗತ್ತೆ. ಡಬ್ಬೀನ ಸೂರಿನ ಒಳಗೆ ಎರಚಲು ಬಡಿಯದ ಗೋಡೆಗೆ ಹಾಕಿ, ರಬ್ಬರ್ ಮುಚ್ಚಳ ಇರೋದಾದ್ರೆ ಗೆಸ್ಟ್‌ಗೆ ನಂಬರ್ ಮೆಸೇಜ್ ಮಾಡೋವಾಗ್ಲೇ ಮುಚ್ಚಳ ಹಾಕಿ ಅಂತಾನೂ ಬರೀರಿ. ಗೆಸ್ಟ್ ಇಲ್ಲದ ವಾರಗಳಲ್ಲೂ ಒಂದೆರಡು ಸಲ ಬಟನ್ ಒತ್ತಿ ಡಬ್ಬಿ ತೆಗೆದು ಹಾಕ್ತಿರಿ.